ಗಾಂಜಾ ಕೇಸಿನಲ್ಲಿ ತೂಗಬೇಕಾದ್ದು ಏನನ್ನು?

ಗಾಂಜಾ ನಿಷೇಧ ಇರಲಿ, ತೆಗೆಯಲಿ ಎಂದು ವಾದಿಸುವ ಎರಡೂ ಕಡೆಯವರು 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 2ನೇ ಸೆಕ್ಷನ್ ಓದಿರುವುದು ಕಡಿಮೆ. ಗಿಡ ಬೆಳೆಸುವುದು ಅಪರಾಧ, ನಿಜ. ಆದರೆ ಗಿಡದ ಎಲ್ಲ ಭಾಗವೂ ಗಾಂಜಾ ಅಲ್ಲ. ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ ಗಾಂಜಾ. ತುದಿಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಲೈಸೆನ್ಸ್ ಪಡೆದ ಭಂಗಿ (ಗಿಡದ ಎಲೆ ಅರೆದು ಮಾಡುವ ಮತ್ತಿನ ಪದಾರ್ಥ) ಅಂಗಡಿಗಳು ನಡೆಯುವುದು ಈ ಸಂದಿನಲ್ಲೇ. 2022ರಲ್ಲಿ ಬೆಂಗಳೂರಿನಲ್ಲಿ 29 ಕೆಜಿ ಭಂಗಿ, 400 ಗ್ರಾಂ ಗಾಂಜಾ ಸಮೇತ ಸಿಕ್ಕವನಿಗೆ ನಮ್ಮ ಹೈಕೋರ್ಟ್ ಜಾಮೀನು ಕೊಟ್ಟಾಗಲೂ ಇದೇ ವ್ಯಾಖ್ಯೆ ಚರ್ಚೆಗೆ ಬಂತು.

ಶಿಕ್ಷೆ ನಿಂತಿರುವುದು ತೂಕದ ಮೇಲೆ. 1 ಕೆಜಿವರೆಗೆ ‘ಅಲ್ಪ ಪ್ರಮಾಣ’: ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆಜಿ ದಾಟಿತೋ, ಕನಿಷ್ಠ 10, ಗರಿಷ್ಠ 20 ವರ್ಷ. ಮೇಲೆ 37ನೇ ಸೆಕ್ಷನ್ ಬೇರೆ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂದು ಕೋರ್ಟಿಗೆ ಅನ್ನಿಸದೆ ಜಾಮೀನಿಲ್ಲ.

ಎಡವಟ್ಟಾಗುವುದು ಮಹಜರಿನಲ್ಲಿ. ಹೊಲದಿಂದ ಕಿತ್ತ ಗಿಡವನ್ನು ಬೇರು, ಕಾಂಡ, ಕೆಲವೊಮ್ಮೆ ಮಣ್ಣಿನ ಸಮೇತ ತಕ್ಕಡಿಗೆ ಹಾಕಿ ‘25 ಕೆಜಿ ಗಾಂಜಾ’ ಎಂದು ಬರೆದುಬಿಟ್ಟರೆ ಮುಗಿಯಿತು. ಹಸಿ ಗಿಡ ಒಣಗಿದರೆ ತೂಕದ ಬಹುಪಾಲು ನೀರಾಗಿ ಹೋಗುತ್ತದೆ. ಹಸಿ ತೂಕವೋ ಒಣ ತೂಕವೋ ಎಂಬುದನ್ನು ವ್ಯಾಖ್ಯೆ ಹೇಳುವುದೇ ಇಲ್ಲ. ಪ್ರಯೋಗಾಲಯದ ಬಣ್ಣದ ಪರೀಕ್ಷೆ ಕ್ಯಾನಬಿಸ್ (ಗಾಂಜಾ ಗಿಡ) ಹೌದೋ ಅಲ್ಲವೋ ಅಷ್ಟೇ ಹೇಳುತ್ತದೆ. ತುದಿ ಎಷ್ಟು, ಎಲೆ ಎಷ್ಟು ಎಂದಲ್ಲ. ಕಳುಹಿಸುವ ಮಾದರಿಯೂ 24 ಗ್ರಾಂ ಅಷ್ಟೇ. ಉಳಿದ ಮೂಟೆಯಲ್ಲಿ ಏನಿತ್ತೆಂಬುದಕ್ಕೆ ಅದು ಸಾಕ್ಷಿಯಾಗಲು, ಮಾದರಿ ತೆಗೆಯುವ ಮೊದಲೇ ತುದಿಗಳನ್ನು ಬಿಡಿಸಿ ಬೇರೆಯಾಗಿ ತೂಗಿರಬೇಕು.

ಪೂರ್ತಿ ಕಾನೂನುಬದ್ಧ ಮಾಡುವ ಮಾತು ಪಾರ್ಲಿಮೆಂಟಿನದು, ಸದ್ಯಕ್ಕೆ ಆಗುವಂಥದ್ದೂ ಅಲ್ಲ. (2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಕ್ಯಾನಬಿಸನ್ನು ಅತಿ ಕಟ್ಟುನಿಟ್ಟಿನ ನಿಯಂತ್ರಣದ 4ನೇ ಅನುಸೂಚಿಯಿಂದ ತೆಗೆದಾಗ ಭಾರತ ಪರವಾಗಿಯೇ ಮತ ಹಾಕಿತ್ತು, ಇಲ್ಲಿನ ಕಾಯ್ದೆ ಮಾತ್ರ ಅಲುಗಲಿಲ್ಲ.) ಆದರೆ ತುದಿ ಬಿಡಿಸಿ ತೂಗುವುದು, ಒಣಗಿಸಿದ ಮೇಲೆ ಮತ್ತೊಮ್ಮೆ ತೂಗುವುದು, ಎರಡೂ ಅಂಕಿಯನ್ನು 52ಎ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದಿಡುವ ಪಟ್ಟಿಯಲ್ಲಿ ಬರೆಯುವುದು: ಇವಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.