ಹತ್ತರಿಂದ ಭಾಗಿಸಬೇಕಿತ್ತು

2021ರ ಮೇ 8ರ ಶನಿವಾರ ರಾತ್ರಿ, ಕೋವಿಡ್ ಕರ್ಫ್ಯೂ ಇದ್ದುದರಿಂದ ಬೆಂಗಳೂರಿನ ನಮ್ಮ ಮನೆಯ ಊಟದ ಮೇಜೇ ನನ್ನ ಡೆಸ್ಕ್ ಆಗಿತ್ತು. ಸ್ಕಾಟ್ಲೆಂಡ್ ಸಂಸತ್ತಿನ ಚುನಾವಣೆಯಲ್ಲಿ ಗೆಲ್ಲುವ 129 ಸದಸ್ಯರ ಪಕ್ಷವಾರು ಗ್ರಾಫಿಕ್ ನನ್ನ ಪಾಲಿಗೆ ಬಂದಿತ್ತು. 73 ಕ್ಷೇತ್ರಗಳ ಫಲಿತಾಂಶ ಫೀಡ್‌ನಲ್ಲಿ, ಅಂದರೆ ನಮಗೆ ನೇರವಾಗಿ ಬರುವ ಮಾಹಿತಿಯಲ್ಲಿ, ಬಂದಂತೆಲ್ಲ ಕ್ಲೈಂಟ್‌ಗೆ ಪುಶ್ ಮಾಡಿದ್ದೆ; ಎಂಟು ಪ್ರಾಂತಗಳಿಗೆ ತಲಾ ಏಳರಂತೆ, ಪಕ್ಷಗಳಿಗೆ ಬೀಳುವ ಪ್ರತ್ಯೇಕ ಮತಗಳ ಮೇಲೆ ಹಂಚುವ 56 ಪಟ್ಟಿ ಸ್ಥಾನಗಳಿಗಾಗಿ ನಾನೇ ಒಂದು ತಾಳೆ ಶೀಟ್ ಮಾಡಿಟ್ಟುಕೊಂಡಿದ್ದೆ.

ಗ್ಲಾಸ್ಗೋ ಪಟ್ಟಿ ಬಂತು. ಅತಿ ಹೆಚ್ಚು ಮತ ಪಡೆದ ಎಸ್‌ಎನ್‌ಪಿಗೆ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಫೀಡ್ ಸೊನ್ನೆ ತೋರಿಸಿತು, ನನ್ನ ಶೀಟ್ ಮೂರು ತೋರಿಸಿತು. ಬಹುಮತಕ್ಕೆ 65 ಬೇಕಿದ್ದ ಆ ರಾತ್ರಿ ಮೂರು ಸ್ಥಾನಗಳೆಂದರೆ ಸಣ್ಣ ಮಾತಲ್ಲ. ಫೀಡ್ ಕೆಟ್ಟಿದೆಯೆಂದು ನಾನು ತೀರ್ಮಾನಿಸಿ, ಯಾರನ್ನೂ ಕೇಳದೆ ಗ್ರಾಫಿಕ್ಕನ್ನು ಹೋಲ್ಡ್‌ಗೆ ಹಾಕಿದೆ. ಕ್ಲೈಂಟ್ ಕಡೆಯಿಂದ ಮೊದಲು ಒಂದು ಪಿಂಗ್, ಮತ್ತೊಂದು, ಆಮೇಲೆ ಫೋನ್. ನಾನು ಮಾತ್ರ ಅದೇ ಸೂತ್ರವನ್ನು ಮೂರನೆಯ ಸಲ ಓಡಿಸಿ, ಅದೇ ಉತ್ತರ ಬಂದದ್ದನ್ನೇ ಪುರಾವೆಯೆಂದು ನಂಬಿ ಕುಳಿತಿದ್ದೆ.

ಶಿಫ್ಟ್ ಮುಖ್ಯಸ್ಥೆ ಕರೆ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಗ್ಲಾಸ್ಗೋದ ಒಂಬತ್ತು ಕ್ಷೇತ್ರಗಳನ್ನು ಗೆದ್ದವರು ಯಾರು?"

"ಒಂಬತ್ತೂ ಎಸ್‌ಎನ್‌ಪಿಯೇ, ಮೇಡಂ."

"ಹಾಗಾದರೆ ಅವರ ಪಟ್ಟಿ ಮತಗಳನ್ನು ಎಷ್ಟರಿಂದ ಭಾಗಿಸಿದ್ದೀರಿ?"

ಪ್ರತಿ ಸುತ್ತಿನಲ್ಲೂ ಪಕ್ಷಗಳ ಮತಗಳನ್ನು ಭಾಗಿಸಿ, ಭಾಗಲಬ್ಧ ಅತಿ ಹೆಚ್ಚಿದ್ದವರಿಗೆ ಒಂದು ಸ್ಥಾನ ಕೊಡುವ ಲೆಕ್ಕವದು. ನಾನು ಎಸ್‌ಎನ್‌ಪಿಯನ್ನು ಒಂದರಿಂದ ಭಾಗಿಸಿ ಆರಂಭಿಸಿದ್ದೆ. ಗೆದ್ದ ಸ್ಥಾನಗಳಿಗೆ ಒಂದು ಸೇರಿಸಿ, ಅಂದರೆ ಹತ್ತರಿಂದಲೇ, ಆರಂಭಿಸಬೇಕಿತ್ತು. ಕ್ಷೇತ್ರಗಳಲ್ಲಿ ಬಾಚಿಕೊಂಡವರಿಗೆ ಪಟ್ಟಿಯಲ್ಲಿ ಕೈ ಬಿಗಿಹಿಡಿಯುವುದೇ ಆ ಪದ್ಧತಿಯ ಉದ್ದೇಶ. ಏಳು ಸ್ಥಾನಗಳಲ್ಲಿ ಲೇಬರ್‌ಗೆ ನಾಲ್ಕು, ಕನ್ಸರ್ವೇಟಿವ್‌ಗೆ ಎರಡು, ಗ್ರೀನ್‌ಗೆ ಒಂದು ಎಂದಿದ್ದ ಫೀಡ್ ಸರಿಯಾಗಿಯೇ ಇತ್ತು. ಹೋಲ್ಡ್ ತೆಗೆಯುವಾಗ ನನಗೆ ಮುಖ ಮುಚ್ಚಿಕೊಳ್ಳುವಂತಾಗಿತ್ತು. ಕ್ಯಾಮೆರಾ ಆಫ್ ಇದ್ದದ್ದೇ ಪುಣ್ಯ. ಕೊನೆಗೆ ಎಸ್‌ಎನ್‌ಪಿ 64, ಕನ್ಸರ್ವೇಟಿವ್ 31, ಲೇಬರ್ 22, ಗ್ರೀನ್ 8, ಲಿಬರಲ್ ಡೆಮಾಕ್ರಟ್ 4 ಎಂದು ನಿಂತಿತು.

ಐದು ದಿನಗಳ ನಂತರದ ಎಡವಟ್ಟು ಮಾತ್ರ ನನ್ನದಲ್ಲ. ಮೇ 13ರಂದು ಗ್ರೀನ್ ಪಕ್ಷದ ಅಲಿಸನ್ ಜಾನ್‌ಸ್ಟೋನ್ ಸಭಾಧ್ಯಕ್ಷೆಯಾಗಿ ಆಯ್ಕೆಯಾಗಿ, ಅಲ್ಲಿನ ರೂಢಿಯಂತೆ ಪಕ್ಷ ತೊರೆದರು. ಗ್ರೀನ್ 7ಕ್ಕೆ ಇಳಿಯಿತು. ಉಳಿದ 128ರಲ್ಲಿ ಎಸ್‌ಎನ್‌ಪಿ ಸರಿಯಾಗಿ ಅರ್ಧವಾಯಿತು. ಆದರೆ ನಮ್ಮ ಟೆಂಪ್ಲೇಟು ಮೂಲತಃ ಕರ್ನಾಟಕ ವಿಧಾನಸಭೆಗಾಗಿ ಮಾಡಿದ್ದು. ಇಲ್ಲಿ ಸಭಾಧ್ಯಕ್ಷರು ಪಕ್ಷ ಬಿಡಲೇಬೇಕೆಂಬ ಕಡ್ಡಾಯವಿಲ್ಲವಾದ್ದರಿಂದ 'ಪಕ್ಷ' ಎಂಬ ಕಾಲಮ್ಮನ್ನು ಅದು ಖಾಲಿ ಬಿಡಲು ಒಪ್ಪುವುದಿಲ್ಲ. ಸರಿಪಡಿಸಲು ಕೋರಿ ಟಿಕೆಟ್ ಹಾಕಿದೆ, 'ಕಡಿಮೆ ಆದ್ಯತೆ' ಎಂದು ಗುರುತಿಸಿದರು. ಒಬ್ಬರೇ ಸದಸ್ಯೆಯಿರುವ 'ಸಭಾಧ್ಯಕ್ಷೆ' ಎಂಬ ಪಕ್ಷವೊಂದನ್ನು ನಾನೇ ಸೃಷ್ಟಿಸಿ, ಅದಕ್ಕೆ ಬೂದು ಬಣ್ಣ ಕೊಟ್ಟು, ಗ್ರಾಫಿಕ್ ಪುಶ್ ಮಾಡಿದೆ.