ಬೀಗ ತೆಗೆಯಲು ಕರೆದರೆ ಮೊದಲು ಬಾಗಿಲು ನೋಡಿ

ಬೀಗ ತೆಗೆಯಲು ಯಾರಾದರೂ ಕರೆದರೆ ನಾನು ಮೊದಲು ಬಾಗಿಲು ನೋಡುತ್ತೇನೆ. ಬೀಗದ ಕಡೆ ಕಣ್ಣು ಹೋಗುವುದು ಆಮೇಲೆ. ಮಳೆಗಾಲದಲ್ಲಿ ಹಳೇ ಮನೆಗಳ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ಬೋಲ್ಟ್ ತೂತಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಮನೆಯವರು ಕೀ ತಿರುಗಿಸಿ ತಿರುಗಿಸಿ ಸಾಕಾಗಿ, ಬೀಗ ಕೆಟ್ಟಿದೆ ಅಂತ ಫೋನ್ ಮಾಡುತ್ತಾರೆ. ಹಿಡಿಯನ್ನು ಗಟ್ಟಿಯಾಗಿ ನಮ್ಮ ಕಡೆ ಎಳೆದುಕೊಂಡೋ, ಭುಜ ಕೊಟ್ಟು ಒಳಕ್ಕೆ ಒತ್ತಿಯೋ ಅದೇ ಕೀ ತಿರುಗಿಸಿದರೆ ಎಷ್ಟೋ ಸಲ ಬಾಗಿಲು ತೆರೆದೇಬಿಡುತ್ತದೆ. ಅಂಥ ಬೀಗಕ್ಕೆ ಪಿಕ್, ಅಂದರೆ ಕೀ ಇಲ್ಲದೆ ಬೀಗ ತೆಗೆಯುವ ತೆಳು ಕಡ್ಡಿ, ಹಾಕಿಕೊಂಡು ಕೂತವನು ಸಂಜೆವರೆಗೂ ಕೂರಬೇಕಾಗುತ್ತದೆ.

ಮೈಸೂರಿನ ಶಿವರಾಂಪೇಟೆಯಲ್ಲಿ ನಮ್ಮದು ಕೀ ಮಾಡುವ ಸಣ್ಣ ಅಂಗಡಿ. ಕೆಲಸ ಕಲಿಸಿದ್ದು ನಮ್ಮ ಮಾವ. ಈಗ ಒಬ್ಬ ಹುಡುಗ ರಜಾ ದಿನಗಳಲ್ಲಿ ಬಂದು ಕೂರುತ್ತಾನೆ. ಹೆಬ್ಬಾಳದ ಕಡೆ ಐಟಿ ಕಂಪನಿಯಲ್ಲಿ ಕೆಲಸ, ಕೈತುಂಬ ಸಂಬಳ. ಬೀಗ ಪಿಕ್ ಮಾಡುವುದು ಅವನ ಹವ್ಯಾಸ. ಆನ್‌ಲೈನ್‌ನಲ್ಲಿ ತರಿಸಿದ ಪಿಕ್ ಸೆಟ್ ಇದೆ, ಒಳಗಿನ ಪಿನ್‌ಗಳೆಲ್ಲ ಕಾಣುವ ಪ್ಲಾಸ್ಟಿಕ್ ಬೀಗ ಇದೆ. ನಾನು ಗುಜರಿಗೆ ಹಾಕಲು ಇಟ್ಟ ಬೀಗದ ಸಿಲಿಂಡರ್‌ಗಳನ್ನು "ಅಣ್ಣ, ಇದು ನಂಗಿರಲಿ" ಅಂತ ಒಯ್ಯುತ್ತಾನೆ. ಮೊದಮೊದಲು ನನಗೂ ಅನುಮಾನವೇ ಇತ್ತು. ಆದರೆ ಈ ಹವ್ಯಾಸದವರಿಗೆ ಎರಡು ಕಟ್ಟುನಿಟ್ಟು ಇದೆಯಂತೆ. ತನ್ನದಲ್ಲದ ಬೀಗ ಮುಟ್ಟಬಾರದು. ತನ್ನದೇ ಆದರೂ ಬಾಗಿಲಲ್ಲಿ ದಿನಾ ಬಳಸುತ್ತಿರುವ ಬೀಗ ಮುಟ್ಟಬಾರದು. ಎರಡನೆಯದು ಕೇಳಿದ ಮೇಲೆ ನನಗೆ ಹುಡುಗನ ಮೇಲೆ ನಂಬಿಕೆ ಬಂತು. ಪಿಕ್ ಆಡಿಸುವಾಗ ಒಳಗಿನ ಸ್ಪ್ರಿಂಗ್ ಬಾಗಿದರೆ ರಾತ್ರಿ ಮನೆಯವರೆಲ್ಲ ಹೊರಗೇ ನಿಲ್ಲಬೇಕಲ್ವಾ?

ಪಿಕ್ ಮಾಡುವುದರಲ್ಲಿ ಅವನು ನನಗಿಂತ ಚುರುಕು. ಇದನ್ನು ಹೇಳಲು ನನಗೇನೂ ನಾಚಿಕೆ ಇಲ್ಲ.

ಪಿನ್ ಬೀಗದ ಒಳಗೆ ಕೀ ಹೋಗುವ ದುಂಡು ಭಾಗ ಒಂದಿರುತ್ತದೆ, ಪ್ಲಗ್ ಅಂತಾರೆ. ಅದರ ಮೇಲೆ ಸಾಲಾಗಿ ಐದೋ ಆರೋ ತೂತು. ಒಂದೊಂದು ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್, ಮೇಲೆ ಸ್ಪ್ರಿಂಗ್. ಕೀ ಇಲ್ಲದಾಗ ಮೇಲಿನ ಪಿನ್ ಅರ್ಧ ಪ್ಲಗ್‌ನೊಳಗೆ ಇಳಿದಿರುತ್ತದೆ, ಅದಕ್ಕೇ ಪ್ಲಗ್ ತಿರುಗುವುದಿಲ್ಲ. ಸರಿಯಾದ ಕೀ ಹಾಕಿದರೆ ಎರಡು ಪಿನ್ ಸೇರುವ ಜಾಗ ಪ್ಲಗ್‌ನ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ ಇದಕ್ಕೆ 1861ರಲ್ಲಿ ಪೇಟೆಂಟ್ ತಗೊಂಡ. ಮರದ ಪಿನ್‌ಗಳ ಬೀಗ ಸಾವಿರಾರು ವರ್ಷ ಹಿಂದೆಯೇ ಈಜಿಪ್ಟಿನಲ್ಲಿತ್ತು.

ಎಷ್ಟು ನಾಜೂಕಾಗಿ ಕೊರೆದರೂ ಆ ತೂತುಗಳು ಒಂದೇ ಗೆರೆಗೆ ಬರುವುದಿಲ್ಲ, ಕೂದಲೆಳೆಯಷ್ಟಾದರೂ ಆಚೀಚೆ ಇರುತ್ತವೆ. ಪಿಕ್ ಮಾಡುವವನಿಗೆ ಅಷ್ಟು ಸಾಕು. ಪ್ಲಗ್ ಅನ್ನು ಮೆಲ್ಲಗೆ ತಿರುಗಿಸಿ ಹಿಡಿದರೆ ಎಲ್ಲ ಪಿನ್ ಒಟ್ಟಿಗೆ ಬಿಗಿಯಾಗುವುದಿಲ್ಲ, ಮೊದಲು ಒಂದು ಬಿಗಿಯಾಗುತ್ತದೆ. ಅದನ್ನು ಎತ್ತಿದಾಗ ಬೆರಳಿಗೆ ಸಣ್ಣದಾಗಿ ಟಿಕ್ ಅಂತ ತಟ್ಟುತ್ತದೆ. ಆಮೇಲೆ ಇನ್ನೊಂದು ಬಿಗಿಯಾಗುತ್ತದೆ. ಇಲ್ಲಿ ಹೊಸಬರು ಮಾಡುವುದು ಒಂದೇ: ಬೀಗ ತೆಗೆಯದಿದ್ದರೆ ಇನ್ನೂ ಜೋರಾಗಿ ತಿರುಗಿಸುತ್ತಾರೆ. ಜೋರು ಮಾಡಿದಷ್ಟೂ ಎಲ್ಲ ಪಿನ್ ಸೇರಿ ಕಚ್ಚಿಕೊಳ್ಳುತ್ತವೆ. ಬಿಡಬೇಕು. ಬೆರಳು ಹಗುರ ಆದಷ್ಟೂ ಒಳಗಿನ ಸುದ್ದಿ ತಿಳಿಯುತ್ತದೆ. ಇದು ಆ ಹುಡುಗನ ಕೈಗೆ ಚೆನ್ನಾಗಿ ಬಂದಿದೆ.

ಆದರೆ ಅಂಗಡಿಗೆ ಬರುವ ಬೀಗವೆಲ್ಲ ಅಂಥದ್ದಲ್ಲ. ನಮ್ಮ ಕಡೆ ಬೀರು, ಹಳೇ ಗಾಡ್ರೇಜು ಬೀಗ, ಗೇಟಿನ ದಪ್ಪ ಬೀಗ, ಎಲ್ಲದರಲ್ಲೂ ಜಾಸ್ತಿ ಇರುವುದು ಲಿವರ್, ಅಂದರೆ ಪಿನ್ ಬದಲು ಕೀ ಎತ್ತುವ ಚಪ್ಪಟೆ ಪಟ್ಟಿಗಳು. ಅಂಥ ಬೀಗದ ಕೀ ಕಳೆದುಹೋದರೆ ನಾವು ಪಿಕ್ ಮಾಡುವುದಕ್ಕಿಂತ ಕೀ ಮಾಡುವುದೇ ಹೆಚ್ಚು. ಬೀಗ ತೆಗೆದರೆ ಸಾಲದು, ಅವರಿಗೆ ನಾಳೆಗೂ ಕೀ ಬೇಕು.

ಮಾವ ಕಲಿಸಿದ್ದು ಹೀಗೆ. ಹಲ್ಲು ಕತ್ತರಿಸದ ಬ್ಲಾಂಕ್ ಕೀಯನ್ನು ಮೇಣದ ಬತ್ತಿ ಮೇಲೆ ಹಿಡಿದು ಕಪ್ಪಗೆ ಮಸಿ ಹಿಡಿಸುವುದು. ಬೀಗದೊಳಗೆ ಹಾಕಿ ತಿರುಗಿಸಲು ನೋಡುವುದು, ನಿಧಾನವಾಗಿ ಈಚೆಗೆ ತೆಗೆಯುವುದು. ಲಿವರ್ ತಗುಲಿದ ಕಡೆ ಮಸಿ ಅಳಿಸಿ ಸಣ್ಣ ಗೀರು ಹೊಳೆಯುತ್ತದೆ. ಅಲ್ಲಿ ಮಾತ್ರ ಅರ ಹಾಕಬೇಕು, ಒಂದೆರಡು ಉಜ್ಜು, ಅಷ್ಟೇ. ಮತ್ತೆ ಮಸಿ, ಮತ್ತೆ ಬೀಗ, ಮತ್ತೆ ಅರ. ಜಾಸ್ತಿ ಉಜ್ಜಿದರೆ ಬ್ಲಾಂಕ್ ಹಾಳು, ಹೊಸದು ತಗೊಂಡು ಮೊದಲಿಂದ ಶುರು ಮಾಡಬೇಕು. ಕೀಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಆ ಗೀರು ಹುಡುಕುವುದೇ ಅರ್ಧ ಕೆಲಸ. ಹುಡುಗ ಇದನ್ನು ಮೊದಲ ಸಲ ನೋಡಿದಾಗ ಪಿಕ್ ಸೆಟ್ ಪಕ್ಕಕ್ಕಿಟ್ಟು ಅರ ಕೇಳಿದ.

ಅವನಿಂದ ನಾನು ಕೇಳಿದ ಕಥೆಯೂ ಒಂದಿದೆ. ಲಂಡನ್‌ನಲ್ಲಿ ಬ್ರಾಮಾ ಅನ್ನುವ ಬೀಗದ ಕಂಪನಿ ತನ್ನ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ಪಿಕ್ ಮಾಡಿದವರಿಗೆ 200 ಗಿನಿ ಬಹುಮಾನ ಅಂತ ಬರೆದಿತ್ತು. ಹಲವಾರು ದಶಕ ಯಾರ ಕೈಲೂ ಆಗಲಿಲ್ಲ. 1851ರ ದೊಡ್ಡ ವಸ್ತುಪ್ರದರ್ಶನದ ಹೊತ್ತಿಗೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಅದನ್ನು ತೆಗೆದ. 16 ದಿನಗಳಲ್ಲಿ ಹರಡಿಕೊಂಡು ಒಟ್ಟು 51 ಗಂಟೆ ಹಿಡಿಯಿತು. ಬೀಗದ ದೌರ್ಬಲ್ಯ ಮುಚ್ಚಿಟ್ಟರೆ ಪ್ರಯೋಜನ ಇಲ್ಲ, ಕಳ್ಳರಿಗೆ ಅದು ಮೊದಲೇ ಗೊತ್ತಿರುತ್ತದೆ ಅನ್ನುವುದು ಹಾಬ್ಸ್‌ನ ವಾದ. ನಾನು ಒಪ್ಪುತ್ತೇನೆ. ನಾನು ನೋಡಿದ ಕಳ್ಳತನದ ಮನೆಗಳಲ್ಲಿ ಕಬ್ಬಿಣದ ರಾಡಿನ ಗುರುತು ಇತ್ತು, ಚಿಲಕವನ್ನೇ ಮೀಟಿ ಕಿತ್ತಿದ್ದರು. ಕೂತು ಪಿಕ್ ಮಾಡುವ ತಾಳ್ಮೆ ಅವರಿಗೆಲ್ಲಿ? ಅದಕ್ಕೇ ಹೊಸ ಬೀಗ ಕೇಳಿ ಬಂದವರಿಗೆ ಚಿಲಕ, ಅದರ ಸ್ಕ್ರೂ, ಚೌಕಟ್ಟಿನ ಮರ ಹೇಗಿದೆ ಅಂತಲೂ ಕೇಳುತ್ತೇನೆ. ಹುಳು ಹಿಡಿದ ಚೌಕಟ್ಟಿಗೆ ದುಬಾರಿ ಬೀಗ ಹಾಕಿ ಏನು ಪ್ರಯೋಜನ?

ಇನ್ನು ಹವ್ಯಾಸದಲ್ಲಿ ಬಾರದ ಒಂದು ವಿಷಯ. ಆಷಾಢದ ಗಾಳಿಗೆ ನೈಟ್ ಲ್ಯಾಚ್ ಇರುವ, ಅಂದರೆ ಮುಚ್ಚಿದರೆ ತಾನೇ ಬೀಗ ಬೀಳುವ ಬಾಗಿಲು ದಢಾರ್ ಅಂತ ಹಾಕಿಕೊಳ್ಳುತ್ತದೆ. ಕೀ ಒಳಗೆ, ಮನೆಯವರು ಹೊರಗೆ. ಹಾಗೆ ಸರಸ್ವತಿಪುರಂನಿಂದ ಒಬ್ಬರು ಅಜ್ಜಿ ಪಕ್ಕದ ಮನೆಯ ಫೋನಿನಿಂದ ಕರೆದರು.

"ಬೇಗ ಬಾರಪ್ಪ, ಒಲೆ ಮೇಲೆ ಹಾಲಿಟ್ಟಿದ್ದೀನಿ."

"ಹೊರಟೆ ಅಮ್ಮ. ಗ್ಯಾಸ್ ಸಿಲಿಂಡರ್ ಹೊರಗಡೆ ಇದ್ದರೆ ಮೊದಲು ರೆಗ್ಯುಲೇಟರ್ ಆಫ್ ಮಾಡಿಸಿ. ಪಕ್ಕದ ಮನೆಯವರು ಅಲ್ಲೇ ಇರಲಿ."

ಪಕ್ಕದ ಮನೆಯವರು ಇರಲಿ ಅಂದದ್ದು ಸುಮ್ನೆ ಅಲ್ಲ. ಹೀಗೆ ಹೊರಗೆ ಸಿಕ್ಕಿಕೊಂಡವರ ಆಧಾರ್ ಕಾರ್ಡ್ ಮನೆಯೊಳಗೇ ಇರುತ್ತದೆ. ಮನೆ ಅವರದೇ ಅಂತ ಹೇಳಲು ಅಕ್ಕಪಕ್ಕದವರೇ ಬೇಕು. ಬಾಗಿಲು ತೆಗೆದ ಮೇಲೆ, ನಾನು ಹೊರಡುವ ಮುಂಚೆ, ವಿಳಾಸ ಇರುವ ಕಾರ್ಡ್ ತಂದು ತೋರಿಸಬೇಕು. ಅಜ್ಜಿಯೇ ಆಗಲಿ, ಯಾರೇ ಆಗಲಿ. ತಪ್ಪು ತಿಳಿಯುವವರು ಕಮ್ಮಿ.

ತೊಂದರೆ ಇರುವುದು ಮನೆ ಮಾಲೀಕರ ಹತ್ತಿರ. ಬಾಡಿಗೆ ಬಾಕಿ ಇದೆ, ಬಾಡಿಗೆದಾರ ಊರಲ್ಲಿಲ್ಲ, ಬೀಗ ತೆಗೆದು ಹೊಸದು ಹಾಕು ಅಂತಾರೆ.

"ನನ್ನ ಮನೆ ಕಣಯ್ಯ, ನಿನಗೇನು ಕಷ್ಟ?"

"ಮನೆ ನಿಮ್ಮದೇ ಸರ್. ಒಳಗಿರೋ ಸಾಮಾನು ಅವರದು. ಪೊಲೀಸರನ್ನ ಕರ್ಕೊಂಡು ಬನ್ನಿ, ಅವರ ಮುಂದೆ ತೆಗೀತೀನಿ."

ಬಯ್ಯುತ್ತಾರೆ. ಬಯ್ಯಲಿ. ಗಂಡ ಹೆಂಡತಿ ಜಗಳದಲ್ಲಿ ಒಬ್ಬರ ಬೀರು ಇನ್ನೊಬ್ಬರು ತೆಗೆಸಲು ಬಂದಾಗಲೂ ನನ್ನ ಮಾತು ಇದೇ.

ಎಣ್ಣೆ ವಿಚಾರ ಹೇಳದಿದ್ದರೆ ಆಗದು. ನಮ್ಮ ಊರಲ್ಲಿ ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ. ಒಂದೆರಡು ವಾರ ಸಲೀಸಾಗಿರುತ್ತದೆ, ಆಮೇಲೆ ಧೂಳು ಕೂತು ಅಂಟಾಗಿ ಪಿನ್ ಮೇಲೇಳುವುದೇ ಇಲ್ಲ. ಗ್ರಾಫೈಟ್ ಪುಡಿ ಹಾಕಿ. ಅದೂ ಇಲ್ಲದಿದ್ದರೆ ಮಕ್ಕಳ ಪೆನ್ಸಿಲ್ ಸೀಸವನ್ನು ಕೀ ಮೇಲೆ ಚೆನ್ನಾಗಿ ಉಜ್ಜಿ, ಹತ್ತಾರು ಸಲ ಹಾಕಿ ತೆಗೆಯಿರಿ.

ಕೊನೆಗೆ ದುಡ್ಡು. ಬೀಗ ಬೇಗ ತೆಗೆದರೆ ಜನರಿಗೆ ಬೇಜಾರು. "ಎರಡು ನಿಮಿಷಕ್ಕೆ ಇಷ್ಟಾ?" ಅಂತಾರೆ. ಬೆವರು ಸುರಿಸಿ, ಡ್ರಿಲ್ ಹೊಡೆದು, ಬೀಗ ಹಾಳು ಮಾಡಿದವನಿಗೆ ಕಾಫಿಯನ್ನೂ ಕೊಟ್ಟು ಕಳಿಸುತ್ತಾರೆ. ಅದಕ್ಕೇ ಈ ಕೆಲಸದಲ್ಲಿ ಕೆಲವರು ಬೇಕಂತಲೇ ಅರ್ಧ ಗಂಟೆ ಎಳೆಯುತ್ತಾರೆ. ನನಗೆ ಆ ನಾಟಕ ಆಗಿಬರುವುದಿಲ್ಲ. ಫೋನಿನಲ್ಲೇ ರೇಟು ಹೇಳುತ್ತೇನೆ, ಬಾಗಿಲ ಮುಂದೆ ನಿಂತು ಇನ್ನೊಮ್ಮೆ ಹೇಳುತ್ತೇನೆ, ಅವರು ಹೂಂ ಅಂದ ಮೇಲೆ ಬ್ಯಾಗು ಬಿಚ್ಚುತ್ತೇನೆ. ಬರೀ ಬಾಗಿಲು ಎಳೆದು ಅವರದೇ ಕೀಯಲ್ಲಿ ತೆಗೆದರೆ ಹೋಗಿಬರುವ ಪೆಟ್ರೋಲಿನ ಖರ್ಚು ಮಾತ್ರ ಇಸ್ಕೋತೀನಿ.