"ಹೆದರಬೇಡಿ" ಅಂತಷ್ಟೇ ಹೇಳಿ ಕಳಿಸಿದ್ದೆ

ಕಣ್ಣಿನ ಆಸ್ಪತ್ರೆಯಲ್ಲಿ ನಾನು ನರ್ಸ್. ರೆಪ್ಪೆಯ ಆಪರೇಷನ್ ಆದವರಿಗೆ ಮನೆಯಲ್ಲಿ ಹೇಗಿರಬೇಕು ಅಂತ ತಿಳಿಸಿ ಕಳಿಸುವುದು ನನ್ನ ಕೆಲಸ. ಮೇಲಿನ ರೆಪ್ಪೆಯಲ್ಲಿ ಜೋತುಬಿದ್ದ ಚರ್ಮ ತೆಗೆಸಿಕೊಂಡ ಒಬ್ಬರಿಗೆ ಎಂದಿನಂತೆ ಹೇಳಿದ್ದೆ: "ಊದಿಕೊಳ್ಳುತ್ತೆ, ನೀಲಿಗಟ್ಟುತ್ತೆ, ನೋವೂ ಇರುತ್ತೆ. ಹೆದರಬೇಡಿ ಅಮ್ಮಾ."

ಅಂದು ಸಂಜೆ ಅವರ ಬಲಗಣ್ಣು ಸಿಡಿಯತೊಡಗಿತು. ರೆಪ್ಪೆ ಕಲ್ಲಿನಂತೆ ಬಿಗಿಯಾಯಿತು. ಸಿಸ್ಟರ್ ಹೇಳಿದ್ದರಲ್ಲ ಅಂತ ಸುಮ್ನೆ ಮಲಗಿದ್ದರು. ಕೆಲಸದಿಂದ ಬಂದ ಮಗ ಮುಖ ನೋಡಿದ ತಕ್ಷಣ ಕರೆತಂದ. ಡಾಕ್ಟರ್ ಹೊಲಿಗೆ ಬಿಚ್ಚಿ, ಒಳಗೆ ಕಟ್ಟಿಕೊಂಡಿದ್ದ ರಕ್ತ ಹೊರಬಿಟ್ಟರು. ದೃಷ್ಟಿ ಉಳಿಯಿತು.

"ನೋವಿರುತ್ತೆ ಅಂದ್ರಿ, ಎಷ್ಟು ಅಂತ ಹೇಳಲೇ ಇಲ್ವಲ್ಲಮ್ಮ" ಅಂದರು ಆಮೇಲೆ.

ಇದು ತೀರಾ ಅಪರೂಪ, ನಿಜ. ಆದರೆ ಗುಡ್ಡೆಯ ಹಿಂದೆ ರಕ್ತ ತುಂಬಿದರೆ ಕಣ್ಣಿನ ನರ ಒತ್ತಡಕ್ಕೆ ಸಿಕ್ಕಿ, ಕೆಲವೇ ಗಂಟೆಗಳಲ್ಲಿ ದೃಷ್ಟಿ ಹೋಗಬಹುದು. ಹೆಚ್ಚಾಗಿ ಇದು ಮೊದಲ 24 ಗಂಟೆಯಲ್ಲಿ, ಅಂದರೆ ಅವರು ಮನೆ ಸೇರಿದ ಮೇಲೆ ಆಗುತ್ತದೆ.

ಹಾಗಾಗಿ ಈಗ ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಒಂದೇ ಕಣ್ಣು ದಿಢೀರನೆ ಊದಿ ಮುಂದೆ ಬಂದರೆ, ನೋವು ಏರುತ್ತಲೇ ಹೋದರೆ, ನೋಟ ಮಂಕಾದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಟುಬಿಡಿ. ಮೊದಲ ದಿನ ಆಗಾಗ ಒಂದೊಂದೇ ಕಣ್ಣಲ್ಲಿ ಗೋಡೆಯ ಕ್ಯಾಲೆಂಡರ್ ಓದಿಸಿ. ಆಯಿಂಟ್‌ಮೆಂಟಿನಿಂದಲೂ ಮಸುಕಾಗುತ್ತೆ, ಆದರೆ ನಾಲ್ಕು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತೆ. ಇದನ್ನೆಲ್ಲ ಅವರ ಬಾಯಿಂದ ಇನ್ನೊಮ್ಮೆ ಹೇಳಿಸುತ್ತೇನೆ.

ಮಿಕ್ಕಿದ್ದು ಮಾಮೂಲಿ. ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಒತ್ತದೆ ಹತ್ತು ನಿಮಿಷ. ಮಲಗುವಾಗ ಎರಡು ದಿಂಬು. ಬಗ್ಗಿ ಗುಡಿಸುವುದು, ಕೊಡ ಎತ್ತುವುದು ಬೇಡ. ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ತೆಗೆಯುತ್ತಾರೆ. ಮದುವೆ ಇದೆ ಅಂತ ಮುಂದೂಡಿದರೆ ಗುರುತು ಉಳಿಯಬಹುದು. ಜಾಸ್ತಿ ವಾದ ನಡೆಯುವುದು ಅರಿಶಿನದ ಬಗ್ಗೆ. ಹಸಿ ಗಾಯಕ್ಕೆ ಅದು ಬೇಡ, ಕಾಡಿಗೆ, ಹರಳೆಣ್ಣೆಯೂ ಬೇಡ. ಅಜ್ಜಿಯರು ಮುನಿಸಿಕೊಂಡರೂ ನಾನು ಬಿಡುವುದಿಲ್ಲ.

ಕೆಲವರಿಗೆ ಶುರುವಿನಲ್ಲಿ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗುತ್ತದೆ. ಇದು ಅವರಿಗೇ ಗೊತ್ತಾಗುವುದಿಲ್ಲ. ಅದಕ್ಕೇ ಮಲಗಿದ ಮೇಲೆ ಒಮ್ಮೆ ನೋಡಿ ಅಂತ ಮನೆಯವರಿಗೆ ಹೇಳಿ ಕಳಿಸುತ್ತೇನೆ.